‘ಗೇ’ ಕೆಟ್ಟಿದ್ದು ಯಾವಾಗ ಸ್ವಾಮಿ?

ನಮ್ಮ ಕೆಲವು ಇಂಗ್ಲಿಷ್ ಮೇಷ್ಟ್ರುಗಳಿಗೆ, ಮೇಷ್ಟ್ರ ಹಾಗೇ ಮಾತಾಡೋ ಕೆಲವು ಗೆಳೆಯರಿಗೆ ಒಂದು ಹಳೇ ಕೊರಗಿದೆ. ‘ಗೇ’ ಅಂದ್ರೆ ಗೆಲುವು, ಉಲ್ಲಾಸ ಅಂತ ಎಷ್ಟು ಚೆಂದದ ಅರ್ಥ ಇತ್ತು, ‘ಇವರು’ ಬಂದು ಕೆಡಿಸಿಬಿಟ್ಟರು ಅಂತ. ಮೊನ್ನೆ ಮತ್ತೆ ಇದೇ ರಾಗ ಕೇಳಿದೆ, ಸುಮ್ಮನಿರೋಕಾಗಲಿಲ್ಲ.

ಅಲ್ಲಾ, ಆ ಪದ ಯಾವ ಕಾಲದಲ್ಲಿ ಅಷ್ಟು ಮಡಿಯಾಗಿತ್ತು? ಹಳೇ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದು ಸುಮಾರು 700 ವರ್ಷ ಆಯ್ತು. ಮೊದಮೊದಲು ಉಲ್ಲಾಸ, ಕಣ್ಣಿಗೆ ಹೊಡೆಯೋ ಬಣ್ಣ, ಇಂಥ ಅರ್ಥಗಳೇ. ಆದರೆ 17ನೇ ಶತಮಾನದಲ್ಲೇ ಲಂಗುಲಗಾಮಿಲ್ಲದ ಮೋಜಿನ ಬದುಕು ಅನ್ನೋ ಅರ್ಥ ಅಂಟಿಕೊಂಡಿತು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ‘ಗೇ’ ಹೆಂಗಸು ಅಂದರೆ ವೇಶ್ಯೆ. ‘ಗೇ’ ಮನೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಇನ್ನು ‘ಗೇ’ ಗಂಡಸು? ಹೆಣ್ಣುಗಳ ಹಿಂದೆ ಬಿದ್ದವನು! ಪದಕ್ಕೆ ಮಸಿ ಬಳಿದದ್ದು ಯಾರು ಅಂತ ಈಗ ನೀವೇ ಹೇಳಿ.

(ನಮ್ಮ ಹಳ್ಳಿ ಕಡೆ ‘ಗೇಯೋದು’ ಅಂದರೆ ಹೊಲದಲ್ಲಿ ಮೈಮುರಿದು ದುಡಿಯೋದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ದಯವಿಟ್ಟು ಕಟ್ಟಬೇಡಿ :) )

‘ಇವರು’ ಈ ಪದ ಯಾಕೆ ಹಿಡಿದರು ಅನ್ನೋದು ಮುಖ್ಯ. ಅವರಿಗಿದ್ದ ಇನ್ನೊಂದು ಹೆಸರು ‘ಹೋಮೋಸೆಕ್ಷುಯಲ್’. 1869ರಲ್ಲಿ ಜರ್ಮನ್ ಭಾಷೆಯಲ್ಲಿ ಮೊದಲು ಅಚ್ಚಾದ ಪದ. ಹುಟ್ಟಿಸಿದ ಕೆರ್ಟ್‌ಬೆನಿ ಬರೆದದ್ದು ಅವರ ಪರವಾಗೇ, ಆದರೆ ಅದು ವೈದ್ಯರ ಕೈಗೆ ಸಿಕ್ಕಿ ರೋಗದ ಹೆಸರಾಯ್ತು. ಅಮೆರಿಕದ ಮನೋವೈದ್ಯರ ಸಂಘ ಅದನ್ನ ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಅದಕ್ಕೂ ಮುಂಚೆ, 1969ರಲ್ಲಿ, ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಎದುರು ನಿಂತವರ ನಡುವಿಂದ ಬಂದ ಸಂಘಟನೆ ತನ್ನ ಹೆಸರಿನಲ್ಲೇ ‘ಗೇ’ ಅಂತ ಇಟ್ಟುಕೊಂಡಿತು. ರೋಗದ ಹೆಸರಿಗಿಂತ ಗೆಲುವಿನ ಹೆಸರು ಬೇಕು ಅನ್ನಿಸಿದ್ದು ತಪ್ಪಾ? ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ಪದಕ್ಕೆ ಒಪ್ಪಿಗೆ ಕೊಡೋಕೆ 1987 ಆಗಬೇಕಾಯ್ತು.

ಈಗ ನಮ್ಮ ಕನ್ನಡಕ್ಕೆ ಬನ್ನಿ. ನಾವು ಕೊಟ್ಟಿರೋ ಪದ ‘ಸಲಿಂಗಕಾಮಿ’. ಹಣೆ ಮೇಲೇ ‘ಕಾಮ’ ಅಂತ ಬರೆದುಬಿಟ್ಟಿದ್ದೀವಿ. ಮದುವೆಯಾಗಿ ಸಂಸಾರ ಮಾಡೋ ನಮ್ಮನ್ನ ಯಾರಾದರೂ ‘ವಿಷಮಲಿಂಗಕಾಮಿ ರಾಯರೇ’ ಅಂತ ಕರೆದರೆ ಹೇಗಿರುತ್ತೆ? ನಮಗೆ ಮಾತ್ರ ‘ದಂಪತಿ’, ‘ಸಂಗಾತಿ’, ‘ಮನೆಯವರು’ ಎಲ್ಲಾ ಇದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಮಿನ ಹಿಡಿತದಿಂದ ಇವರನ್ನ ಬಿಡಿಸಿತು. ನಮ್ಮ ಪತ್ರಿಕೆಗಳ ತಲೆಬರಹ ಮಾತ್ರ ಇನ್ನೂ ಬಿಟ್ಟಿಲ್ಲ.

ನನಗೆ ಗೊತ್ತಿರೋ ಒಬ್ಬ ಹುಡುಗ ಇದ್ದಾನೆ. ಅವನ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ‘ಹೇಳೋಕೆ ಹೆದರಿಕೆ ಅಲ್ಲ ಅಣ್ಣ, ಅಮ್ಮನ ಮುಂದೆ ಬಾಯಿಬಿಟ್ಟು ಹೇಳೋ ಹಾಗಿರೋ ಒಂದು ಪದ ಇಲ್ಲ’ ಅಂದ. ಇಂಗ್ಲಿಷಿಗೆ ‘ಮೆರ್ರಿ’, ‘ಜಾಲಿ’, ‘ಹ್ಯಾಪಿ’ ಅಂತ ಬೇಕಾದಷ್ಟು ಉಳಿದಿವೆ, ಅದರ ಚಿಂತೆ ಬಿಡಿ. ‘ಸಲಿಂಗಿ’, ‘ಸಲಿಂಗಪ್ರೇಮಿ’ ಅಂತ ಕೆಲವರು ಬರೀತಿದ್ದಾರೆ, ನನಗೂ ಸದ್ಯಕ್ಕೆ ಅದೇ ವಾಸಿ. ಅಮ್ಮನಿಗೆ ಅರ್ಥ ಆಗೋ ಇನ್ನೂ ತಿಳಿಯಾದ ಪದ ನಿಮ್ಮ ಕಡೆ ಇದ್ದರೆ ತಿಳಿಸಿ, ಅವನಿಗೆ ತಲುಪಿಸ್ತೀನಿ.