ಯಾವ ನೆಲಕ್ಕೆ ಮೊದಲ ಮಣೆ?

ಕಾಡೆಂದೊಡನೆ ಮುಗಿಲು ಮುಟ್ಟುವ ಮರಗಳನ್ನೇ ನೆನೆಯುವುದು ಲೋಕರೂಢಿ. ಆ ಅಳತೆಗೆ ಗದಗ ಸೀಮೆಯ ಕಪ್ಪತಗುಡ್ಡ ಬರಿಯ ಕುರುಚಲು ಬೆಟ್ಟ. ಆದರೆ ಔಷಧಿಮೂಲಿಕೆಗಳ ಭಂಡಾರವೂ, ಬಯಲುಸೀಮೆಯ ವಿರಳ ಮಳೆಯನ್ನು ಹಿಡಿದಿಡುವ ಒಡಲೂ ಅದೇ. ಗರ್ಭದೊಳಗಿನ ಚಿನ್ನವೇ ಅದಕ್ಕೆ ಕಂಟಕವಾಯಿತು. 2015ರಲ್ಲಿ ದೊರೆತ ಸಂರಕ್ಷಣಾ ಮೀಸಲು ಪ್ರದೇಶವೆಂಬ ಸ್ಥಾನ 2016ರಲ್ಲಿ ರದ್ದಾಯಿತು. ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಮಹಾಸ್ವಾಮಿಗಳವರ ನೇತೃತ್ವದಲ್ಲಿ ಜನರು ಎದ್ದುನಿಂತರು. 2017ರಲ್ಲಿ ಆ ಸ್ಥಾನ ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು.

ಕಾಪಾಡಬೇಕಾದ ನೆಲವನ್ನು ಆರಿಸುವಾಗ ಮರದ ಎತ್ತರವನ್ನಲ್ಲ, ಕಳೆದರೆ ಮರಳಿ ಬಾರದುದನ್ನು ಮೊದಲು ಎಣಿಸಬೇಕು. ಗುರುವೃಂದದ ಮಾರ್ಗದರ್ಶನದಲ್ಲಿ ಮಕ್ಕಳು ತಂತಮ್ಮ ಊರಿನ ಗೋಮಾಳ, ಹಳ್ಳ, ಗುಡ್ಡಗಳನ್ನು ಈ ದೃಷ್ಟಿಯಿಂದ ಗುರುತಿಸಲಿ. ದಾನಿಗಳು ಅದಕ್ಕೆ ಬೆನ್ನಾಗಲಿ. ನೆಲ ಉಳಿದರಲ್ಲವೇ ದಾಸೋಹ ಉಳಿಯುವುದು!