ತಾಳುವುದು ಬೇರೆ, ತಡೆಯುವುದು ಬೇರೆ

ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ನಮ್ಮಲ್ಲಿ ಹೆಸರಿಗೇನೂ ಬರವಿಲ್ಲ. ಮಸಿಬಟ್ಟೆ, ಮಸಿ ಅರಿವೆ, ಕೈಬಟ್ಟೆ. ಈಗ ಮನೆಯಲ್ಲಿ ಹೊಲಿಗೆ ಕಲಿಯುವವರು ಮೊದಲು ಕೈಹಾಕುವುದು ಅದರ ಹೊಸ ಅವತಾರಕ್ಕೆ: ನಡುವೆ ಏನಾದರೂ ತುಂಬಿ, ಮೇಲೆ ಚೌಕ ಚೌಕ ಹೊಲಿಗೆ ಹಾಕಿದ ಪಾಟ್‌ಹೋಲ್ಡರ್. ಒಂದು ಮಧ್ಯಾಹ್ನದ ಕೆಲಸ, ಚೂರುಪಾರು ಬಟ್ಟೆ ಸಾಕು. ಹೊರಬಟ್ಟೆಯ ಬಣ್ಣಕ್ಕೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವ ನಾವು ಒಳಗೇನು ತುಂಬಬೇಕು ಅನ್ನುವುದನ್ನು ಮಾತ್ರ ಅಂಗಡಿಯವರಿಗೆ ಬಿಟ್ಟುಬಿಡುತ್ತೇವೆ. ಅವರು ಕೊಡುವುದು ಹೆಚ್ಚಾಗಿ ಬೆಳ್ಳಗೆ ಉಬ್ಬಿದ ಪಾಲಿಯೆಸ್ಟರ್ ವ್ಯಾಡಿಂಗ್. ನನ್ನ ತಕರಾರು ಅದರ ಮೇಲೆ.

ಹೊಟ್ಟೆಪಾಡಿನ ಅನುವಾದದಲ್ಲಿ ಇಂಥ ಸರಕುಗಳ ವಿವರವೂ ನನ್ನ ಪಾಲಿಗೆ ಬರುತ್ತದೆ. ‘ಹೀಟ್ ರೆಸಿಸ್ಟೆಂಟ್’ ಕಂಡಲ್ಲೆಲ್ಲ ‘ಶಾಖನಿರೋಧಕ’ ಎಂದೇ ಬರೆಯಬೇಕೆಂದು ಕೆಲಸ ಕೊಟ್ಟವರ ಕಟ್ಟಪ್ಪಣೆ. ‘100% ಕಾಟನ್’ ಎಂದಿದ್ದರೆ ಅದು ಹೊರಬಟ್ಟೆಯ ಮಾತೋ ಒಳಗಿನದ್ದೋ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆ ‘ಶಾಖನಿರೋಧಕ’ದ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ಗುಣಗಳಿವೆ. ಶಾಖ ತಾಳುವುದು ಒಂದು, ಅಂದರೆ ಬಿಸಿಗೆ ಕರಗದೆ, ಕೆಡದೆ ಉಳಿಯುವುದು. ಶಾಖ ತಡೆಯುವುದು ಇನ್ನೊಂದು, ಅಂದರೆ ಬಿಸಿಯನ್ನು ಆಚೆ ಬದಿಯಿಂದ ಈಚೆಗೆ ಬಿಡದಿರುವುದು. ಸ್ಟೀಲ್ ತಟ್ಟೆ ತಾಳುತ್ತದೆ, ತಡೆಯುವುದಿಲ್ಲ. ಥರ್ಮೋಕೋಲ್ ತಡೆಯುತ್ತದೆ, ತಾಳುವುದಿಲ್ಲ. (‘ಸೆಕೆ ತಡೆಯಕ್ಕಾಗಲ್ಲ’ ಅನ್ನುವಾಗ ತಡೆಯುವುದೇ ತಾಳುವುದಾಗುತ್ತದೆ, ಆಡುಮಾತಿನ ಆ ತಮಾಷೆ ಇಲ್ಲಿ ಬೇಡ.) ಅಂಗೈಗೂ ಹಂಚಿಗೂ ನಡುವೆ ಇರುವುದಕ್ಕೆ ಎರಡೂ ಗುಣ ಬೇಕು.

ಪಾಲಿಯೆಸ್ಟರ್ ವ್ಯಾಡಿಂಗ್ ಥರ್ಮೋಕೋಲಿನ ಸಾಲಿಗೇ ಸೇರಿದ್ದು. ಕುಕ್ಕರಿನೊಳಗಿನ ಉಗಿ ಸುಮಾರು 120 ಡಿಗ್ರಿ ಸೆಲ್ಸಿಯಸ್. ಅಷ್ಟನ್ನು ಅದು ತಾಳೀತು. ಕಬ್ಬಿಣದ ರೊಟ್ಟಿಹಂಚು 200 ದಾಟುವುದು ಸಾಮಾನ್ಯ, ಉರಿ ಜೋರಾದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಪಾಲಿಯೆಸ್ಟರ್ 250-260ರ ಹೊತ್ತಿಗೆ ಕರಗುತ್ತದೆ, ಮೆತ್ತಗಾಗುವುದು ಅದಕ್ಕೂ ಮೊದಲೇ. ಕರಗಿದ್ದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉರಿಗೆ ಹಿಡಿದರೆ ಹತ್ತಿಯೂ ಹೊತ್ತಿಕೊಳ್ಳುತ್ತದೆ, ನಿಜ. ಆದರೆ ಬಿಸಿ ಲೋಹದ ಮೇಲೆ ಅದು ಕರಗುವುದಿಲ್ಲ. ಕಂದುಗಟ್ಟುತ್ತದೆ, ಕಮಟು ವಾಸನೆ ಬರುತ್ತದೆ, ಪಾತ್ರೆ ಕೆಳಗಿಡಲು ನಿಮಗೆ ಹೊತ್ತು ಸಿಗುತ್ತದೆ.

ತಡೆಯುವುದರಲ್ಲೂ ಅದರ ಬಣ್ಣ ಬಯಲಾಗುತ್ತದೆ. ಬಿಸಿಯನ್ನು ತಡೆಯುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಪಾತ್ರೆಯನ್ನು ನಾವು ಒತ್ತಿ ಹಿಡಿಯುತ್ತೇವಲ್ಲ, ಆ ಒತ್ತಿಗೆ ಗಾಳಿ ಹೊರಟುಹೋಗಿ ಬೆರಳಡಿ ಉಳಿಯುವುದು ತೆಳುವಾದ ಒಂದು ಪದರ. ‘ಇನ್ಸುಲ್-ಬ್ರೈಟ್’ ಹೆಸರಲ್ಲಿ ಸಿಗುವ ಹೊಳೆಯುವ ಹಾಳೆಗೂ ಮರುಳಾಗಬೇಡಿ. ಅದರಲ್ಲಿರುವುದು ಲೋಹಲೇಪದ ತೆಳು ಹಾಳೆ, ಸುತ್ತ ಪಾಲಿಯೆಸ್ಟರ್ ಎಳೆ. ದೂರದಿಂದ ಬಡಿಯುವ ಕಾವನ್ನು ಹೊಳಪು ವಾಪಸು ಕಳಿಸುತ್ತದೆ. ನೇರ ತಾಗಿದ ಹಿಡಿಕೆಯ ಬಿಸಿಗೆ ಹೊಳಪಿನಿಂದ ಹೆಚ್ಚೇನೂ ಆಗುವುದಿಲ್ಲ. ಹಾಕಲೇಬೇಕೆಂದರೆ ಎರಡೂ ಬದಿಗೆ ದಪ್ಪ ಹತ್ತಿ ಕೊಟ್ಟು ಹಾಕಿ.

ಇದಕ್ಕೆಲ್ಲ ಉತ್ತರ ನಮ್ಮ ಕೌದಿಯಲ್ಲೇ ಇದೆ. ಉತ್ತರ ಕರ್ನಾಟಕದ ಕೌದಿ, ಹಳಿಯಾಳ-ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವಂತೆ ಹೊಲಿಯುವ ಕವಂದಿ, ಪುಣೆಯವರು ನೋಡಿರುವ ಗೋಧಡಿ, ಹೈದರಾಬಾದಿನವರು ಕೇಳಿರುವ ಬೊಂತ: ಎಲ್ಲದರ ಹೂರಣ ಉಟ್ಟು ಹಳತಾದ ಬಟ್ಟೆ. ಒಗೆದೊಗೆದು ಕುಗ್ಗುವಷ್ಟು ಕುಗ್ಗಿರುವುದರಿಂದ ಹೊಲಿದ ಮೇಲೆ ಮುದುಡುವುದಿಲ್ಲ. ಪದರಗಳು ಒತ್ತಾಗಿರುವುದರಿಂದ ಹಿಡಿದರೆ ಅಷ್ಟಾಗಿ ಚಪ್ಪಟೆಯಾಗುವುದೂ ಇಲ್ಲ. ಸವೆದ ಟರ್ಕಿ ಟವೆಲ್ ಎರಡು ಪದರ, ಮೇಲೆ ಕೆಳಗೆ ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆ. ಕುಕ್ಕರಿಗೆ ಇಷ್ಟು ಧಾರಾಳ. ಹಂಚಿಗೆ, ಓವನ್ನಿಗೆ ಆದರೆ ನಡುವೆ ಒಂದು ಪದರ ಉಣ್ಣೆ ಸೇರಿಸಿ. ಉಣ್ಣೆಯೂ ಕರಗುವುದಿಲ್ಲ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಉರಿ ತೆಗೆದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಊರಿಂದ ತಂದ ಕರಿ ಕಂಬಳಿಯ ಹರಿದ ಮೂಲೆ ಇದ್ದರೆ ಅದಕ್ಕಿಂತ ಒಳ್ಳೆಯ ತುಂಬು ನನಗೆ ಗೊತ್ತಿಲ್ಲ. ಮೈಗೆ ಚುಚ್ಚುವ ಕುರಿಯುಣ್ಣೆಯ ಒರಟು ಇಲ್ಲಿ ಒಳಗೇ ಉಳಿಯುತ್ತದೆ. ದೆಹಲಿಯವರಿಗೆ ಹಳೆಯ ಸ್ವೆಟರಿದೆ. ಬಿಸಿನೀರಲ್ಲಿ ಉಜ್ಜಿ ಒಗೆದರೆ ಕುಗ್ಗಿ ದಪ್ಪಗಾಗುತ್ತದೆ, ಇಲ್ಲಿ ಬೇಕಾದ್ದೂ ಅದೇ.

ತೊಂದರೆಯಿರುವುದು ಬೇರೆ ಕಡೆ. ಅಜ್ಜಿಯ ಕಾಲದಲ್ಲಿ ಹಳೆಬಟ್ಟೆ ಅಂದರೆ ಹೆಚ್ಚುಕಡಿಮೆ ಹತ್ತಿಯೇ. ನಮ್ಮ ಕಪಾಟಿನ ಹಳೆಬಟ್ಟೆ ಹಾಗಲ್ಲ. ಹತ್ತಿಯಂತಿರುವ ಬೆಡ್‌ಶೀಟಿನಲ್ಲಿ ಪಾಲಿಯೆಸ್ಟರ್, ಉಣ್ಣೆಯಂತಿರುವ ಸ್ವೆಟರಿನಲ್ಲಿ ಅಕ್ರಿಲಿಕ್. ಚೀಟಿಯಂತೂ ಯಾವತ್ತೋ ಹರಿದುಹೋಗಿರುತ್ತದೆ. ಹಾಗಾಗಿ ಉದ್ದಕ್ಕೊಂದು ಅಡ್ಡಕ್ಕೊಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ನೋಡಿ. ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ ಅಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಅಂದರೆ ಉಣ್ಣೆ. ಮುದುಡಿ ಗಟ್ಟಿ ಮಣಿಯಾದರೆ ಅದು ನೆಲ ಒರೆಸಲಿಕ್ಕೆ.

ಹೊಲಿಯುವ ದಾರವೂ ಹತ್ತಿಯದೇ ಇರಲಿ. ಹೊಲಿಗೆ ತೀರಾ ಒತ್ತಾಗಿ ಹಾಕಬೇಡಿ, ಒಳಗಿನ ಗಾಳಿಯನ್ನು ನಾವೇ ಹಿಂಡಿ ತೆಗೆದಂತಾಗುತ್ತದೆ. ಮೂಲೆಯಲ್ಲೊಂದು ಕುಣಿಕೆ ಹಾಕಿ, ಯಾವಾಗಲೂ ಜೋಡಿ ಮಾಡಿ. ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬಿಸಿ ಸಾಗಿಸುತ್ತದೆ. ಒದ್ದೆಯಾದರೆ ಕಂಬಳಿ ತುಂಬಿದ್ದೂ ಕೈ ಸುಡುತ್ತದೆ, ಅದಕ್ಕೇ ಒಂದು ಹಗ್ಗದ ಮೇಲಿರುವಾಗ ಇನ್ನೊಂದು ಒಲೆಯ ಪಕ್ಕದ ಮೊಳೆಯಲ್ಲಿರಬೇಕು.