ನಿಂತ ಚಿತ್ರದಿಂದ ನಡೆಯುವ ಚಿತ್ರಕ್ಕೆ

ಒಂದು ವೃತ್ತಿಯಲ್ಲಿ ನುರಿತು, ಅದರಿಂದಲೇ ಅನ್ನವನ್ನೂ ಕೀರ್ತಿಯನ್ನೂ ಪಡೆದ ವ್ಯಕ್ತಿ ನಡುವಯಸ್ಸು ದಾಟಿದ ಮೇಲೆ ಅದನ್ನು ಬಿಟ್ಟು ಮತ್ತೊಂದನ್ನು ಕೈಗೊಂಡರೆ ಲೋಕವು ಅವನನ್ನು ಸಂಶಯದಿಂದ ನೋಡುವುದು ವಾಡಿಕೆ. ಹಿಡಿದದ್ದನ್ನು ಕಡೆಮುಟ್ಟಿಸಲಾರದೆ ಬಿಟ್ಟನೆಂದು ಕೆಲವರು, ಹಣದಾಸೆಗೆ ಹೋದನೆಂದು ಕೆಲವರು ಆಡಿಕೊಳ್ಳುತ್ತಾರೆ. ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿಯೂ ಹಳೆಯ ವಿದ್ಯಾರ್ಥಿಗಳ ಮಾತು ಬಂದಾಗ, ಓದಿದ್ದೊಂದು ಮಾಡುತ್ತಿರುವುದೊಂದು ಎಂಬ ನಿಟ್ಟುಸಿರು ಕೇಳಿಬರುವುದುಂಟು. ಪತ್ರಿಕೆಗಳಿಗೆ ವಾರ್ತೆಯ ಛಾಯಾಚಿತ್ರಗಳನ್ನು ತೆಗೆಯುತ್ತಿದ್ದವನು ಚಲಚ್ಚಿತ್ರ ನಿರ್ದೇಶನಕ್ಕೆ ಹೊರಟರಂತೂ ಆಪಾದನೆ ಇಮ್ಮಡಿಯಾಗುತ್ತದೆ. ಕಣ್ಣೆದುರಿನ ಸತ್ಯವನ್ನು ಬಿಟ್ಟು ಕಟ್ಟುಕಥೆಯ ಬೆನ್ನು ಹತ್ತಿದನೆಂದು ಅವನನ್ನು ಜರೆಯುತ್ತಾರೆ. ಈ ಆಪಾದನೆಯಲ್ಲಿ ಹುರುಳೆಷ್ಟು ಎಂಬುದನ್ನು ಅಮೆರಿಕದ ಕಪ್ಪುಜನಾಂಗದ ಕಲಾವಿದರಾದ ಗಾರ್ಡನ್ ಪಾರ್ಕ್ಸ್ (1912–2006) ಅವರ ಬಾಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಉಚಿತವಾದೀತು.

ನಮ್ಮ ಆಲಂಕಾರಿಕರು ಕಾವ್ಯದಲ್ಲಿ ಮುಕ್ತಕ, ಪ್ರಬಂಧ ಎಂಬ ಭೇದವನ್ನು ಹೇಳಿದ್ದಾರೆ. ಹಿಂದುಮುಂದಿನ ಪದ್ಯಗಳ ಹಂಗಿಲ್ಲದೆ ತನ್ನಷ್ಟಕ್ಕೆ ತಾನೇ ರಸವನ್ನು ಕೊಡಬಲ್ಲ ಒಂಟಿ ಪದ್ಯ ಮುಕ್ತಕ. ಕಥಾಸೂತ್ರವನ್ನು ಹಿಡಿದು ಸಾಗುವುದು ಪ್ರಬಂಧ. ಅಮರುಕ ಕವಿಯ ಮುಕ್ತಕಗಳು ಪ್ರಬಂಧಗಳಂತೆಯೇ ರಸಭರಿತವಾಗಿವೆಯೆಂದು ಆನಂದವರ್ಧನನು ಮೆಚ್ಚಿದ್ದಾನೆ. ವಾರ್ತಾ ಛಾಯಾಚಿತ್ರವನ್ನು ಈ ಮುಕ್ತಕಕ್ಕೆ ಹೋಲಿಸಬಹುದು. ಆದರೆ ಎರಡಕ್ಕೂ ನಡುವೆ ಮರೆಯಬಾರದ ಒಂದು ಅಂತರವಿದೆ. ಮುಕ್ತಕದ ನಾಯಿಕೆ ಕವಿಯ ಕಲ್ಪನೆಯ ಶಿಶು. ಪದ್ಯ ಮುಗಿದರೆ ಅವಳ ಬಾಳೂ ಮುಗಿಯಿತು. ಛಾಯಾಚಿತ್ರದಲ್ಲಿ ನಿಂತ ಮನುಷ್ಯನಾದರೋ ಚಿತ್ರ ತೆಗೆದ ಮರುಕ್ಷಣವೂ ಉಸಿರಾಡುತ್ತಿರುತ್ತಾನೆ, ಸಂಜೆಗೆ ಹಸಿಯುತ್ತಾನೆ. ಪಾರ್ಕ್ಸ್ ಅವರ ವೃತ್ತಿಪಲ್ಲಟದ ಮೂಲವನ್ನು ಈ ಅಂತರದಲ್ಲಿಯೇ ಹುಡುಕಬೇಕು.

ಅವರು ಹುಟ್ಟಿದ್ದು ಕನ್ಸಾಸ್ ರಾಜ್ಯದ ಫೋರ್ಟ್ ಸ್ಕಾಟ್ ಎಂಬ ಸಣ್ಣ ಊರಿನಲ್ಲಿ, ಹದಿನೈದು ಮಕ್ಕಳಲ್ಲಿ ಕಿರಿಯವರಾಗಿ. ಪ್ರಾಥಮಿಕ ಶಾಲೆಯಲ್ಲಿಯೇ ಕಪ್ಪು ಮಕ್ಕಳನ್ನು ಬೇರೆ ಮಾಡಿ ಕಲಿಸುತ್ತಿದ್ದ ಊರು ಅದು. ಹದಿಹರೆಯದಲ್ಲಿ ತಾಯಿ ತೀರಿಕೊಂಡರು. ಸೇಂಟ್ ಪಾಲ್ ನಗರದಲ್ಲಿದ್ದ ಅಕ್ಕನ ಮನೆ ಸೇರಿದರೆ ಭಾವ ಚಳಿಗಾಲದಲ್ಲಿಯೇ ಹೊರಗೆ ಹಾಕಿದ. ಪಿಯಾನೋ ನುಡಿಸಿದರು, ರೈಲಿನ ಊಟದ ಬೋಗಿಯಲ್ಲಿ ಬಡಿಸುವ ಕೆಲಸ ಮಾಡಿದರು. ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆಯೊಂದರಲ್ಲಿ, ಹೊಲ ಕಳೆದುಕೊಂಡು ಗುಳೆ ಹೊರಟ ಕೂಲಿಕಾರರ ಚಿತ್ರಗಳನ್ನು ಕಂಡದ್ದು ಆ ಬೋಗಿಯಲ್ಲಿಯೇ. ಇನ್ನೊಂದು ಪ್ರಚೋದನೆ ಷಿಕಾಗೋ ನಗರದ ಚಿತ್ರಮಂದಿರದಲ್ಲಿ ಒದಗಿತು. 1937ರ ಡಿಸೆಂಬರಿನಲ್ಲಿ ಚೀನದ ಯಾಂಗ್ಟ್ಸಿ ನದಿಯಲ್ಲಿ ಜಪಾನೀ ವಿಮಾನಗಳು ಮುಳುಗಿಸಿದ ಪನಾಯ್ ಎಂಬ ಅಮೆರಿಕದ ನೌಕೆಯ ವಾರ್ತಾಚಿತ್ರ ಅಲ್ಲಿ ಪ್ರದರ್ಶಿತವಾಯಿತು. ಚಿತ್ರ ಮುಗಿದ ಮೇಲೆ ಅದನ್ನು ತೆಗೆದ ನಾರ್ಮನ್ ಆಲಿ ಅವರೇ ಸಭಿಕರ ಮುಂದೆ ಬಂದು ನಿಂತರು. ಅನಂತರ ಪಾರ್ಕ್ಸ್ ಸಿಯಾಟಲ್ ನಗರದ ಗಿರವಿ ಅಂಗಡಿಯೊಂದರಲ್ಲಿ ಹಳೆಯ ಕ್ಯಾಮೆರಾವೊಂದನ್ನು ಕೊಂಡರು. ಮುಂದೆ ಅವರು ಚಲಚ್ಚಿತ್ರಕ್ಕೆ ಹೋದಾಗ ಹೊಸ ದಾರಿ ಹಿಡಿದರೆಂದು ಹೇಳಿದವರು, ಬಿತ್ತನೆಯ ಬೀಜದಲ್ಲಿಯೇ ಚಲಿಸುವ ಚಿತ್ರವಿತ್ತೆಂಬುದನ್ನು ಮರೆತರು.

1942ರಲ್ಲಿ ರೋಸೆನ್‌ವಾಲ್ಡ್ ನಿಧಿಯ ವಿದ್ಯಾರ್ಥಿವೇತನ ಪಡೆದು ಪಾರ್ಕ್ಸ್ ವಾಷಿಂಗ್ಟನ್ ನಗರಕ್ಕೆ ಬಂದು, ಗ್ರಾಮೀಣ ಬಡತನದ ಚಿತ್ರಗಳನ್ನು ಸಂಗ್ರಹಿಸುತ್ತಿದ್ದ ಸರಕಾರಿ ಇಲಾಖೆಯಲ್ಲಿ ರಾಯ್ ಸ್ಟ್ರೈಕರ್ ಅವರ ಕೈಕೆಳಗೆ ಕೆಲಸಕ್ಕೆ ನಿಂತರು. ಸ್ಟ್ರೈಕರ್ ಅವರ ಪಾಠಕ್ರಮ ಉಪಾಧ್ಯಾಯರೆಲ್ಲರೂ ಗಮನಿಸತಕ್ಕದ್ದು. ಮೊದಲ ದಿನ ಕ್ಯಾಮೆರಾ ಇಲ್ಲದೆ ಊರೊಳಗೆ ಹೋಗಿ ಅಂಗಡಿ, ಉಪಾಹಾರಗೃಹ, ಚಿತ್ರಮಂದಿರಗಳನ್ನು ಹೊಕ್ಕು ಬರಲು ಶಿಷ್ಯನನ್ನು ಕಳುಹಿಸಿದರು. ಹೋದಲ್ಲೆಲ್ಲ ತಿರಸ್ಕೃತನಾಗಿ ಕುದಿಯುತ್ತ ಬಂದವನಿಗೆ, ಅದೇ ಕಟ್ಟಡದಲ್ಲಿ ನೆಲ ಒರೆಸುತ್ತಿದ್ದ ಎಲ್ಲಾ ವಾಟ್ಸನ್ ಎಂಬ ಹೆಂಗಸಿನೊಡನೆ ಮಾತಾಡೆಂದರು. ಆಕೆ ರಾಷ್ಟ್ರಧ್ವಜದ ಮುಂದೆ ಪೊರಕೆಯೊಡನೆ ನಿಂತ ಚಿತ್ರ ಇಂದು ಜಗತ್ಪ್ರಸಿದ್ಧ. ಆದರೆ ಗುರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಆಕೆಯ ಹಿಂದೆ ಇನ್ನೂ ಹೋಗೆಂದು ಸೂಚಿಸಿದರು. ಪಾರ್ಕ್ಸ್ ಆಕೆಯ ಮನೆ, ಮೊಮ್ಮಕ್ಕಳು, ಪ್ರಾರ್ಥನಾಮಂದಿರ ಇವೆಲ್ಲವನ್ನೂ ಚಿತ್ರಿಸಿದರು. ಒಂದು ಚಿತ್ರ ಸಾಲದು ಎಂಬ ಪಾಠ ವೃತ್ತಿಯ ಹೊಸ್ತಿಲಲ್ಲಿಯೇ ಆಯಿತು. ಲೋಕ ಇಟ್ಟುಕೊಂಡದ್ದು ಮಾತ್ರ ಆ ಒಂದೇ ಚಿತ್ರವನ್ನು.

1948ರಲ್ಲಿ ಅವರು 'ಲೈಫ್' ಪತ್ರಿಕೆಯನ್ನು ಸೇರಿದರು. ಆ ಪತ್ರಿಕೆಯ ಸಿಬ್ಬಂದಿಯಲ್ಲಿ ಅವರೇ ಮೊದಲ ಕಪ್ಪುಜನಾಂಗದ ಛಾಯಾಗ್ರಾಹಕರು. ಅದೇ ವರ್ಷ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಹದಿನೇಳು ವರ್ಷದ ಗುಂಪುನಾಯಕನೊಬ್ಬನ ಬೆನ್ನಿಗಿದ್ದು ನೂರಾರು ಚಿತ್ರಗಳನ್ನು ತೆಗೆದುಕೊಟ್ಟರು. ತಾಯಿಗೆ ಮನೆಗೆಲಸದಲ್ಲಿ ನೆರವಾಗುವ ಹುಡುಗನೂ ಅವುಗಳಲ್ಲಿದ್ದ, ಹೊಡೆದಾಟದ ಹುಡುಗನೂ ಇದ್ದ. ಸಂಪಾದಕರು ಆರಿಸಿ ಅಚ್ಚು ಮಾಡಿದ್ದು ಇಪ್ಪತ್ತೊಂದನ್ನು, ಮೇಲುಗೈಯಾದದ್ದು ಹೊಡೆದಾಟವೇ. ಸುಳ್ಳು ಯಾವ ಚಿತ್ರದಲ್ಲಿಯೂ ಇರಲಿಲ್ಲವೆಂದು ವಾದಿಸಬಹುದು. ಆಯ್ಕೆಯಲ್ಲಿ ಮಾತ್ರ ಇತ್ತು. 1956ರಲ್ಲಿ ಅಲಬಾಮ ರಾಜ್ಯದ ವರ್ಣಭೇದವನ್ನು ಕುರಿತ ಅವರ ಚಿತ್ರಮಾಲೆ ಪ್ರಕಟವಾದಾಗ ಇನ್ನೂ ಕಠಿಣವಾದ ಅನುಭವ ಕಾದಿತ್ತು. ಅದರಲ್ಲಿ ಕಾಣಿಸಿಕೊಂಡು ಮನಬಿಚ್ಚಿ ಮಾತಾಡಿದ ಒಬ್ಬ ಶಾಲಾ ಉಪಾಧ್ಯಾಯಿನಿಯು ಕೆಲಸ ಕಳೆದುಕೊಂಡರು. ಆ ಕುಟುಂಬವೇ ಊರು ಬಿಡಬೇಕಾಯಿತು. ಚಿತ್ರ ತೆಗೆದವರು ನ್ಯೂಯಾರ್ಕಿನಲ್ಲಿ ಸುರಕ್ಷಿತರಾಗಿದ್ದರು. ಇದನ್ನು ಕಟುವಾದ ಮಾತೆಂದು ಯಾರಾದರೂ ತಿಳಿದರೆ, ಆ ಉಪಾಧ್ಯಾಯಿನಿಯ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಬೇಕು.

ಇವೆಲ್ಲಕ್ಕಿಂತ ದೊಡ್ಡ ಪ್ರಕರಣ ಫ್ಲಾವಿಯೋ ಎಂಬ ಬಾಲಕನದು. 1961ರಲ್ಲಿ ಪತ್ರಿಕೆಯವರು ಪಾರ್ಕ್ಸ್ ಅವರನ್ನು ಬ್ರೆಜಿಲ್ ದೇಶಕ್ಕೆ ಕಳುಹಿಸಿದರು. ಬಡಕುಟುಂಬವೊಂದರ ಯಜಮಾನನನ್ನು ಚಿತ್ರಿಸಬೇಕೆಂಬುದು ಅಪ್ಪಣೆ. ರಿಯೋ ನಗರದ ಕಟಕುಂಬ ಎಂಬ ಗುಡ್ಡದ ಕೊಳೆಗೇರಿಯಲ್ಲಿ ಅವರ ಕಣ್ಣಿಗೆ ಬಿದ್ದವನು ನೀರಿನ ಡಬ್ಬಿಯನ್ನು ಹೊತ್ತು ಮೇಲೇರುತ್ತಿದ್ದ ಹನ್ನೆರಡರ ಹುಡುಗ. ಉಬ್ಬಸದಿಂದ ಎದೆ ಗೂಡಾಗಿತ್ತು. ಆದರೂ ತಮ್ಮತಂಗಿಯರಿಗೆ ಅಡಿಗೆ ಮಾಡಿ ಉಣಿಸುವವನು ಅವನೇ. ಪಾರ್ಕ್ಸ್ ಅಪ್ಪಣೆಯನ್ನು ಬದಿಗಿಟ್ಟು ಮಗನನ್ನೇ ಚಿತ್ರಿಸಿದರು. ಜೂನ್ ತಿಂಗಳ ಸಂಚಿಕೆ ಹೊರಬಿದ್ದೊಡನೆ ಓದುಗರಿಂದ ಸುಮಾರು ಮೂವತ್ತು ಸಾವಿರ ಡಾಲರ್ ಹರಿದುಬಂತು. ಡೆನ್ವರ್ ನಗರದ ಆಸ್ಪತ್ರೆಯೊಂದು ಹುಡುಗನಿಗೆ ಉಚಿತ ಚಿಕಿತ್ಸೆ ಕೊಡುವೆನೆಂದಿತು. ಕುಟುಂಬಕ್ಕೆ ಹೊಸ ಮನೆ ದೊರೆಯಿತು. ತಮ್ಮ ದೇಶದ ಮಾನ ಹೋಯಿತೆಂದು ಕೆರಳಿದ ಬ್ರೆಜಿಲಿನ 'ಒ ಕ್ರುಜೇರೊ' ಪತ್ರಿಕೆಯವರು ತಮ್ಮ ಛಾಯಾಗ್ರಾಹಕನನ್ನು ನ್ಯೂಯಾರ್ಕಿಗೆ ಅಟ್ಟಿ ಅಲ್ಲಿಯ ಬಡ ಕುಟುಂಬವೊಂದರ ಚಿತ್ರಗಳನ್ನು ಅಚ್ಚು ಮಾಡಿ ಸೇಡು ತೀರಿಸಿಕೊಂಡರು. ಎರಡು ಪತ್ರಿಕೆಗಳ ಜಗಳದಲ್ಲಿ ಬಡವರೇ ಬಾಣಗಳಾದರು.

ಫ್ಲಾವಿಯೋ ಎರಡು ವರ್ಷ ಡೆನ್ವರಿನಲ್ಲಿದ್ದು ಆರೋಗ್ಯವಂತನಾದ, ಇಂಗ್ಲಿಷು ಕಲಿತ, ಇಲ್ಲಿಯೇ ಇರುತ್ತೇನೆಂದು ಹಂಬಲಿಸಿದ. 1963ರಲ್ಲಿ ಅವನನ್ನು ಹಿಂದಕ್ಕೆ ಕಳುಹಿಸಲಾಯಿತು. ಪತ್ರಿಕೆಯ ಓದುಗರ ಪಾಲಿಗೆ ಕಥೆ ಅಲ್ಲಿಗೆ ಶುಭವಾಗಿ ಮುಗಿಯಿತು. ದಾನ ಕೊಟ್ಟವರ ಮನಸ್ಸು ತಣಿಯಿತು. 1976ರಲ್ಲಿ ಪಾರ್ಕ್ಸ್ ಮತ್ತೆ ಹೋಗಿ ನೋಡಿದಾಗ ಅವನು ಹೆಂಡತಿ ಮಕ್ಕಳೊಂದಿಗನಾಗಿದ್ದ, ಅಮೆರಿಕಕ್ಕೆ ಮರಳುವ ಆಸೆಯನ್ನು ಇನ್ನೂ ಹೊತ್ತುಕೊಂಡಿದ್ದ. 1964ರಲ್ಲಿಯೇ ಪಾರ್ಕ್ಸ್ ಅವನ ಕಥೆಯನ್ನು ಕಿರುಚಿತ್ರವನ್ನಾಗಿ ಮಾಡಿದ್ದರು. 1978ರಲ್ಲಿ ಪುಸ್ತಕ ಬರೆದರು. ಛಾಯಾಚಿತ್ರ, ಚಲಚ್ಚಿತ್ರ, ಗ್ರಂಥ ಎಂದು ಮೂರು ಬಾರಿ ಮೂರು ಉಪಕರಣಗಳಿಂದ ಒಬ್ಬನ ಬಾಳನ್ನು ಮುಟ್ಟಲು ಯತ್ನಿಸಿದವರನ್ನು ಚಂಚಲರೆಂದು ಕರೆಯುವುದು ಹೇಗೆ? ಕೈಯ ಉಪಕರಣ ಬದಲಾಗಿರಬಹುದು, ತೀರಿಸಬೇಕಾದ ಋಣ ಅದೇ ಆಗಿತ್ತು.

ದೊಡ್ಡ ಚಲಚ್ಚಿತ್ರದ ಅವಕಾಶ ಬಂದಾಗ ಅವರಿಗೆ ಐವತ್ತೈದು ದಾಟಿತ್ತು. ತಮ್ಮ ಬಾಲ್ಯವನ್ನು ಆಧರಿಸಿ 1963ರಲ್ಲಿ ಪ್ರಕಟಿಸಿದ 'ದಿ ಲರ್ನಿಂಗ್ ಟ್ರೀ' ಕಾದಂಬರಿಯನ್ನೇ ಅವರು ಚಿತ್ರವಾಗಿಸಿದರು. ಚಿತ್ರಕಥೆ, ನಿರ್ಮಾಣ, ನಿರ್ದೇಶನ, ಸಂಗೀತ ನಾಲ್ಕೂ ಅವರವೇ. ಚಿತ್ರೀಕರಣ ನಡೆದದ್ದು ಹುಟ್ಟೂರಾದ ಫೋರ್ಟ್ ಸ್ಕಾಟ್‌ನಲ್ಲಿ. 1969ರಲ್ಲಿ ತೆರೆಕಂಡ ಈ ಚಿತ್ರದಿಂದ, ಹಾಲಿವುಡ್ಡಿನ ದೊಡ್ಡ ಸಂಸ್ಥೆಯೊಂದಕ್ಕೆ ಚಿತ್ರ ನಿರ್ದೇಶಿಸಿದ ಮೊದಲ ಕಪ್ಪುಜನಾಂಗದವರೆಂಬ ಹೆಸರು ಅವರಿಗೆ ಬಂತು. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರಸಂಗ್ರಹಕ್ಕೆ ಆರಿಸಿದ ಮೊದಲ ಇಪ್ಪತ್ತೈದು ಚಿತ್ರಗಳಲ್ಲಿ ಅದೂ ಒಂದಾಯಿತು. ಹಾರ್ಲೆಮ್ಮಿನ ಹುಡುಗನ ಇಪ್ಪತ್ತೊಂದು ಚಿತ್ರಗಳನ್ನು ಬೇರೆಯವರು ಆರಿಸಿದ್ದರು. ಇಲ್ಲಿ ಯಾವುದರ ಹಿಂದೆ ಯಾವುದು ಬರಬೇಕೆಂಬುದನ್ನು ಪಾರ್ಕ್ಸ್ ತಾವೇ ಗೊತ್ತುಮಾಡಿದರು.

ಎದುರು ಮಾತು ಇಲ್ಲದಿಲ್ಲ. 1971ರಲ್ಲಿ ಅವರೇ ನಿರ್ದೇಶಿಸಿದ 'ಶಾಫ್ಟ್' ಪತ್ತೇದಾರಿ ಸಾಹಸದ ಚಿತ್ರ. ಅಪಾರ ಹಣ ಗಳಿಸಿತು. ಅದರ ಬೆನ್ನಿಗೆ ಬಂದ ಅನುಕರಣೆಗಳು ಕಪ್ಪುಜನರನ್ನು ಮತ್ತೆ ಬಂದೂಕಿನೊಡನೆಯೇ ತೋರಿಸಿದವು. ಹಾರ್ಲೆಮ್ಮಿನ ಹುಡುಗನ ವಿಷಯದಲ್ಲಿ ಸಂಪಾದಕರು ಮಾಡಿದ ತಪ್ಪನ್ನು ಪೇಟೆ ಇಲ್ಲಿ ಮಾಡಿತೆಂದರೆ ಉತ್ಪ್ರೇಕ್ಷೆಯಲ್ಲ. ಹೊಸ ಮನೆಗೆ ಹೋದವನಿಗೆ ಹೊಸ ಯಜಮಾನರು ಇದ್ದೇ ಇರುತ್ತಾರೆ. ಸಂಪಾದಕನ ಕತ್ತರಿ ತಪ್ಪಿದರೆ ಹಣ ಹಾಕಿದವನ ಲೆಕ್ಕದ ಪುಸ್ತಕ ಎದುರಾಗುತ್ತದೆ. ಅಲ್ಲದೆ ಕಾಲದ ಒತ್ತಡವನ್ನೂ ಎಣಿಸಬೇಕು. ದೂರದರ್ಶನದ ಪೈಪೋಟಿಯಿಂದಲೂ ಅಂಚೆವೆಚ್ಚದ ಏರಿಕೆಯಿಂದಲೂ 'ಲುಕ್' ಪತ್ರಿಕೆ 1971ರಲ್ಲಿ, ವಾರಪತ್ರಿಕೆಯಾಗಿದ್ದ 'ಲೈಫ್' 1972ರಲ್ಲಿ ನಿಂತುಹೋದವು. ಅಂಗಳವೇ ಇಲ್ಲವಾದಾಗ ಆಟಗಾರನು ಬೇರೆಡೆ ಹೋಗುವುದು ಸಹಜ. ನಮ್ಮ ತಾಲ್ಲೂಕು ಪಟ್ಟಣಗಳ ಸ್ಟುಡಿಯೋ ಮಾಲೀಕರೂ ಮದುವೆಯ ಫೋಟೋದಿಂದ ವಿಡಿಯೋಗೆ ಹೊರಳಿದ್ದು ತತ್ತ್ವವಿಚಾರದಿಂದಲ್ಲ.

ಎಲ್ಲರ ಪಲ್ಲಟವೂ ಒಂದೇ ಬಗೆಯದಲ್ಲ. 'ಲುಕ್' ಪತ್ರಿಕೆಯಲ್ಲಿ ಹುಡುಗನಾಗಿಯೇ ಕೆಲಸಕ್ಕೆ ಸೇರಿದ ಸ್ಟ್ಯಾನ್ಲಿ ಕುಬ್ರಿಕ್ 1949ರಲ್ಲಿ ಮುಷ್ಟಿಮಲ್ಲನೊಬ್ಬನ ಚಿತ್ರಮಾಲೆ ಪ್ರಕಟಿಸಿ, 1951ರಲ್ಲಿ ಅದೇ ಮಲ್ಲನ ಮೇಲೆ ಕಿರುಚಿತ್ರ ತೆಗೆದರು. ಅವರಿಗೆ ಛಾಯಾಚಿತ್ರ ಏಣಿಯ ಮೊದಲ ಮೆಟ್ಟಿಲು. ಇತ್ತ ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳೂ 'ಲೈಫ್' ಪತ್ರಿಕೆಯಲ್ಲಿ ಬಂದವು. ಅವರು ಕಡೆಯವರೆಗೂ ನಿಂತ ಚಿತ್ರವನ್ನೇ ಹಿಡಿದರು. 1979ರಲ್ಲಿ ಮಕ್ಕಳನ್ನು ಕುರಿತ ಅವರ ಚಿತ್ರಗಳು ವಿಶ್ವಸಂಸ್ಥೆಯ ಕಾರ್ಯಾಲಯದಲ್ಲಿ ಪ್ರದರ್ಶಿತವಾದವು. ಹೋದವರು ಹೆಚ್ಚಿನವರೂ ಅಲ್ಲ, ನಿಂತವರು ಕಡಿಮೆಯವರೂ ಅಲ್ಲ. ಕಾಯಕವೆಂಬುದನ್ನು ಹುಟ್ಟಿನೊಂದಿಗೆ ಕೊರಳಿಗೆ ಬಿದ್ದ ಕಸುಬೆಂದು ಅರ್ಥ ಮಾಡುವುದು ಶರಣರಿಗೆ ಮಾಡುವ ಅನ್ಯಾಯ.

ಬಿಡಿ ಚಿತ್ರವನ್ನು ಕಥೆಯಲ್ಲಿ ಪೋಣಿಸುವ ಈ ಕೆಲಸ ಕನ್ನಡಿಗರಿಗೆ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ವಚನಗಳು ಒಂದೊಂದೂ ಸ್ವತಂತ್ರವಾದ ಮುಕ್ತಕಗಳು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಅವುಗಳನ್ನು ಅಲ್ಲಮಪ್ರಭುವಿನ ಸಂವಾದಗಳಾಗಿ ಜೋಡಿಸಿ ಶೂನ್ಯಸಂಪಾದನೆಯನ್ನು ರಚಿಸಿದರು. ಒಂಟಿಯಾಗಿ ಓದಿದಾಗ ಆತ್ಮಗತದಂತೆ ತೋರುವ ಮಾತು, ಅಲ್ಲಿ ಎದುರಿಗಿರುವವರಿಗೆ ಕೊಟ್ಟ ಉತ್ತರವಾಗುತ್ತದೆ. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರೆಂಬುದೇ, ಜೋಡಣೆ ಎಷ್ಟು ಹೊಣೆಯ ಕೆಲಸವೆಂಬುದಕ್ಕೆ ಸಾಕ್ಷಿ. ವಚನ ಬದಲಾಗದಿದ್ದರೂ ಇಟ್ಟ ಸ್ಥಳ ಬದಲಾದರೆ ಧ್ವನಿ ಬದಲಾಗುತ್ತದೆ. ಪಾರ್ಕ್ಸ್ ಬಯಸಿದ್ದು ಆ ಸ್ಥಳನಿರ್ದೇಶದ ಅಧಿಕಾರವನ್ನು, ಅದರ ಹೊಣೆಯನ್ನು.

ದಾಸೋಹ ಸಂಸ್ಥೆಗಳು ಪ್ರತಿವರ್ಷ ಪ್ರಕಟಿಸುವ ಸಂಚಿಕೆಗಳಲ್ಲಿ ಉಚಿತ ಪ್ರಸಾದನಿಲಯದ ಮಕ್ಕಳು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿರುವ ಚಿತ್ರ ಅಚ್ಚಾಗುತ್ತದೆ. ದಾನಿಗಳು ಅದನ್ನು ನೋಡಿ ಸಂತೋಷಿಸುತ್ತಾರೆ, ಅದು ಯುಕ್ತವೇ. ಆದರೆ ಹತ್ತು ವರ್ಷದ ಹಿಂದಿನ ಚಿತ್ರದಲ್ಲಿ ಮೂರನೆಯವನಾಗಿ ಕುಳಿತಿದ್ದ ಹುಡುಗ ಈಗೆಲ್ಲಿದ್ದಾನೆ, ಕಲಿತ ವಿದ್ಯೆ ಅವನ ಕೈಹಿಡಿಯಿತೇ, ಊರಿನ ಹೊಲ ಉಳಿಯಿತೇ ಎಂಬುದನ್ನು ಹೇಳುವ ಪುಟ ಅಪರೂಪ. ಇಂದು ಹಳೆಯ ವಿದ್ಯಾರ್ಥಿಗಳ ಕೈಯಲ್ಲೆಲ್ಲ ಚಲಿಸುವ ಚಿತ್ರವನ್ನು ತೆಗೆಯಬಲ್ಲ ದೂರವಾಣಿಯಿದೆ. ಪತ್ರಿಕೆ, ಸ್ಟುಡಿಯೋಗಳ ಕೆಲಸ ಬಿಟ್ಟು ಕಿರುಚಿತ್ರಗಳಲ್ಲಿ ತೊಡಗಿದವರೂ ಅವರಲ್ಲಿದ್ದಾರೆ. ಅಂಥವರನ್ನು ಕರೆದು, ಶಾಲೆಯ ಕಪಾಟಿನಲ್ಲಿರುವ ಹಳೆಯ ಗುಂಪುಚಿತ್ರಗಳಲ್ಲಿ ಒಂದನ್ನು ಕೈಗೆ ಕೊಟ್ಟು, ಅದರೊಳಗಿನ ಮುಖಗಳನ್ನು ಒಂದೊಂದಾಗಿ ಅವರವರ ಊರಿನಲ್ಲಿ ಹುಡುಕಿಕೊಂಡು ಬರುವ ಕೆಲಸ ಒಪ್ಪಿಸಬಹುದು. ಹುಡುಕಿದವರಲ್ಲಿ ಕೆಲವರು ತಮ್ಮನ್ನು ತೋರಿಸುವುದು ಬೇಡವೆಂದಾರು. ಆಗ ಕ್ಯಾಮೆರಾವನ್ನು ಚೀಲದಲ್ಲಿಟ್ಟು, ಕೊಟ್ಟ ನೀರು ಕುಡಿದು, ಅವರ ಕಷ್ಟಸುಖ ಕೇಳಿ ಬಂದರೂ ಆದೀತು.